ಉಜ್ಜುವ ಕೂಲಿ ಯಾರು ಕೊಡುತ್ತಾರೆ?

ಮನೆಯ ಒಳಬಾಗಿಲುಗಳಿಗೆ ಬಣ್ಣ ಬಳಿಸುವಾಗ ನಮ್ಮೂರಿನ ಮಂದಿ ಎರಡೇ ಪ್ರಶ್ನೆ ಕೇಳುತ್ತಾರೆ. ಚದರಡಿಗೆ ಎಷ್ಟು? ಹಬ್ಬದೊಳಗೆ ಮುಗಿಯುತ್ತದಾ? ಯಾವ ಬಣ್ಣ ಎನ್ನುವುದು ಆಮೇಲಿನ ಮಾತು, ಅದನ್ನು ಮನೆಯ ಹುಡುಗರು ಮೊಬೈಲಿನಲ್ಲಿ ನೋಡಿ ಆರಿಸುತ್ತಾರೆ. ಹಳೆಯ ಬಣ್ಣವನ್ನು ಏನು ಮಾಡುತ್ತೀರಿ, ಎಷ್ಟು ಹೊತ್ತು ಉಜ್ಜುತ್ತೀರಿ, ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಒಣಗಲು ಬಿಡುತ್ತೀರಿ ಎಂದು ವಿಚಾರಿಸುವ ಮನೆಯೊಡೆಯರು ಅಪರೂಪ. ನನ್ನ ವಾದ ಇಷ್ಟೆ. ಆ ಎರಡು ಪ್ರಶ್ನೆಗಳೇ ನಮ್ಮ ಬಾಗಿಲುಗಳನ್ನು ಕೆಡಿಸುತ್ತಿವೆ, ಜೊತೆಗೆ ಬಣ್ಣ ಬಳಿಯುವವರ ಆರೋಗ್ಯವನ್ನೂ. ಬಾಗಿಲ ಕೆಲಸದಲ್ಲಿ ಮುಕ್ಕಾಲು ಪಾಲು ಉಜ್ಜುವುದೇ. ಆ ಮುಕ್ಕಾಲು ಪಾಲಿಗೆ ನಾವು ಕೂಲಿ ಕೊಡುವುದಿಲ್ಲ. ಕೂಲಿ ಇಲ್ಲದ ಕೆಲಸವನ್ನು ಯಾರೂ ಮಾಡುವುದಿಲ್ಲ, ಮಾಡಲೂಬಾರದು.

ನಾನು ಪೇಂಟರ್ ಮಗಳು. ಅಪ್ಪ ಮೈಸೂರಿನ ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲಿನ ಹಳೆಯ ಮನೆಗಳ ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿದೇ ನಮ್ಮನ್ನು ಓದಿಸಿದ. ನಾವಿದ್ದದ್ದು ಗಾಂಧಿನಗರದಲ್ಲಿ. ಅಲ್ಲಿಂದ ಬನ್ನಿಮಂಟಪದ ಮೈಸೂರು ಪೇಂಟ್ಸ್ ಕಾರ್ಖಾನೆ ನಡೆದು ಹೋಗುವಷ್ಟು ದೂರ. ಈಗಿನವರಿಗೆ ಆ ಕಾರ್ಖಾನೆ ಎಂದರೆ ವೋಟು ಹಾಕಿದ ಬೆರಳಿನ ಶಾಯಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದು ಶುರುವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಶಾಯಿ ಬಂದದ್ದು 1962ರ ಚುನಾವಣೆಯ ಹೊತ್ತಿಗೆ. ನಾನು ಓದಿದ್ದು ರಸಾಯನಶಾಸ್ತ್ರ, ಪಾಠ ಮಾಡುವುದು ಪಿಯು ಮಕ್ಕಳಿಗೆ. ಅಪ್ಪ ಅನುಭವದಿಂದ ಹೇಳುತ್ತಿದ್ದ ಮಾತುಗಳಿಗೆ ಕಾರಣ ಏನೆಂದು ನನಗೆ ಪುಸ್ತಕ ಹೇಳಿಕೊಟ್ಟಿತು. ಎರಡೂ ಕಡೆಯಿಂದ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ.

ಮೊದಲು ಉಜ್ಜುವುದು ಯಾಕೆ ಎಂಬುದನ್ನು ನೋಡೋಣ. ಹಳೆಯ ಬಾಗಿಲ ಮೇಲೆ ಇರುವುದು ಸಾಮಾನ್ಯವಾಗಿ ಎಣ್ಣೆ ಬಣ್ಣ, ಅಂದರೆ ಸಿಂಥೆಟಿಕ್ ಎನಾಮೆಲ್. ಅದರ ಮೈ ನುಣುಪು, ಹೊಳಪು, ಗಟ್ಟಿ. ಹೊಸ ಬಣ್ಣಕ್ಕೆ ಅಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಎಮರಿ ಪೇಪರ್‌ನಿಂದ ಉಜ್ಜಿದಾಗ ಕಣ್ಣಿಗೆ ಕಾಣದ ಸಾವಿರಾರು ಗೀರುಗಳು ಬೀಳುತ್ತವೆ, ಹೊಸ ಬಣ್ಣ ಆ ಗೀರುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಉಜ್ಜದೆ ಬಳಿದರೂ ಮೊದಲ ದಿನ ಬಾಗಿಲು ಅಷ್ಟೇ ಚೆಂದ ಕಾಣುತ್ತದೆ. ತೊಂದರೆ ಇರುವುದೇ ಅಲ್ಲಿ. ಆರು ತಿಂಗಳ ಮೇಲೆ ಟವೆಲು ನೇತುಹಾಕುವ ಮೊಳೆಯ ಸುತ್ತ, ಚಿಲಕ ಬಡಿಯುವ ಜಾಗದಲ್ಲಿ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಉಗುರು ಹಾಕಿ ಎಳೆದರೆ ಅಂಗೈ ಅಗಲದ ಹಾಳೆಯೇ ಬರುತ್ತದೆ. ಆಗ ನಾವು ಬಯ್ಯುವುದು ಬಣ್ಣದ ಕಂಪನಿಯನ್ನು.

ಅಡುಗೆಮನೆಯ ಬಾಗಿಲಿನ ಕಥೆ ಇನ್ನೂ ಬೇರೆ. ಒಗ್ಗರಣೆಯ ಹೊಗೆ, ಎಣ್ಣೆಯ ಹಬೆ ವರ್ಷಗಟ್ಟಲೆ ಕೂತು ಕೂತು ಬಾಗಿಲ ಮೇಲರ್ಧ ಜಿಡ್ಡುಗಟ್ಟಿರುತ್ತದೆ. ದೇವರ ಕೋಣೆಯ ಬಾಗಿಲಿಗೆ ಕರ್ಪೂರ, ಊದುಬತ್ತಿ, ದೀಪದ ಮಸಿ. ಅಂಥ ಬಾಗಿಲನ್ನು ತೊಳೆಯದೆ ಉಜ್ಜಿದರೆ ಪೇಪರು ಜಿಡ್ಡನ್ನು ತೆಗೆಯುವುದಿಲ್ಲ, ಗೀರುಗಳೊಳಗೆ ಇನ್ನಷ್ಟು ತುಂಬುತ್ತದೆ. ಅದರ ಮೇಲೆ ಬಣ್ಣ ಬಳಿಯುವುದೆಂದರೆ ಎಣ್ಣೆ ಸುರಿದ ತಲೆಗೆ ಬರೀ ತಣ್ಣೀರು ಹೊಯ್ದ ಹಾಗೆ, ನಿಲ್ಲುವುದಿಲ್ಲ. ಬಿಸಿನೀರಿಗೆ ವಾಷಿಂಗ್ ಸೋಡ ಹಾಕಿ ತೊಳೆದು, ಒಳ್ಳೆಯ ನೀರಿನಿಂದ ಒರೆಸಿ, ಒಂದು ದಿನ ಒಣಗಲು ಬಿಡಬೇಕು. ತೊಳೆಯುವುದಕ್ಕೊಂದು ದಿನ, ಒಣಗುವುದಕ್ಕೊಂದು ದಿನ. ಕೆಲಸ ಒಪ್ಪಿಸುವಾಗ ಈ ದಿನಗಳನ್ನು ನಾವು ಎಣಿಸಿಯೇ ಇರುವುದಿಲ್ಲ.

ಆಮೇಲೆ ಮರ. ನಮ್ಮ ಕಡೆಯ ಹಳೆಯ ಬಾಗಿಲುಗಳು ತೇಗ, ಹೊನ್ನೆ, ಮತ್ತಿ. ಸಾಧಾರಣ ಮನೆಗಳಲ್ಲಿ ಬೇವು, ಹಲಸು. ಒಂದೊಂದು ಮರಕ್ಕೂ ಒಂದೊಂದು ಸ್ವಭಾವ. ತೇಗದೊಳಗೆ ಅದರದೇ ಎಣ್ಣೆಯಂಥ ಅಂಶವಿದೆ. ಗೆದ್ದಲು ಅದರ ತಂಟೆಗೆ ಹೆಚ್ಚು ಬಾರದಿರುವುದಕ್ಕೆ ಆ ಅಂಶವೂ ಕಾರಣ, ಬಣ್ಣ ಬೇಗ ಒಣಗದಿರುವುದಕ್ಕೂ ಅದೇ ಕಾರಣ. ಬಣ್ಣ ಕೆರೆದು ಬರಿ ಮರ ಕಂಡರೆ ಪ್ರೈಮರ್ ಹಚ್ಚುವ ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಿಕೊಳ್ಳಬೇಕು. ಹೊನ್ನೆ ಬಣ್ಣ ಬಿಡುವ ಮರ. ಅದರ ತುಂಡನ್ನು ನೀರಿನಲ್ಲಿ ನೆನೆಹಾಕಿದರೆ ನೀರಿನ ಬಣ್ಣ ತಿರುಗುವುದನ್ನು ನೋಡಿದವರಿಗೆ, ಅದರ ಮೇಲೆ ನೇರವಾಗಿ ಬಿಳಿ ಬಳಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಮರದ ಗಂಟುಗಳಿಂದ ಅಂಟು ಜಿನುಗುತ್ತದೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಗಂಟಿನ ಮೇಲೆ ಎರಡು ಸಲ ಹಚ್ಚಿ ಅದನ್ನು ಕಟ್ಟಿಹಾಕಬೇಕು. ಇಷ್ಟಾದ ಮೇಲೆ ಪ್ರೈಮರ್, ಪುಟ್ಟಿ, ಮತ್ತೆ ಉಜ್ಜು, ಒಂದು ಕೋಟು, ಮತ್ತೆ 320 ನಂಬರಿನ ಪೇಪರಿನಲ್ಲಿ ಹಗುರವಾಗಿ ಉಜ್ಜು, ಕೊನೆಯ ಕೋಟು. ಬ್ರಷ್ಷು ಕೈಗೆ ಬರುವ ಹೊತ್ತಿಗೆ ಕೆಲಸದ ಹೆಚ್ಚಿನ ಪಾಲು ಮುಗಿದಿರುತ್ತದೆ. ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ಬಣ್ಣ ಯಾರ್ ಬೇಕಾದ್ರೂ ಹೊಡೀತಾರೆ ಕಣಮ್ಮ, ಬಾಗ್ಲು ರೆಡಿ ಮಾಡೋನು ಪೇಂಟರ್ರು."

ಈಗ ದುಡ್ಡಿನ ಮಾತಿಗೆ ಬರುತ್ತೇನೆ. ಏಳು ಅಡಿ ಎತ್ತರ, ಮೂರು ಅಡಿ ಅಗಲದ ಒಂದು ಬಾಗಿಲು. ಟೇಪು ಹಿಡಿದರೆ ಒಂದು ಕಡೆಗೆ 21 ಚದರಡಿ, ಎರಡು ಕಡೆಗೆ 42. ನಮ್ಮ ಮನೆಗಳಲ್ಲಿ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಆದರೆ ಹಲಗೆ ಕೂರಿಸಿದ ಬಾಗಿಲು ಸಪಾಟಾಗಿರುವುದಿಲ್ಲ. ಹಲಗೆಯ ಸುತ್ತ ಇಳಿಜಾರು, ಅಂಚಿನ ಕೆತ್ತನೆ, ಚೌಕಟ್ಟಿನ ಒಳಬದಿ, ಬಾಗಿಲಿನ ದಪ್ಪ, ಹಿಂಜಿನ ಪಕ್ಕ, ಇವೆಲ್ಲಕ್ಕೂ ಬಣ್ಣ ಬೇಕು. ಇವು ಯಾವುವೂ ಆ 42ರಲ್ಲಿ ಇಲ್ಲ. ಇದನ್ನು ಸರ್ಕಾರ ಎಂದೋ ಒಪ್ಪಿಕೊಂಡಿದೆ. ಕಟ್ಟಡ ಕೆಲಸ ಅಳೆಯಲು ಭಾರತೀಯ ಮಾನಕ ಬ್ಯೂರೊದ ಐಎಸ್ 1200 ಎಂಬ ಮಾನಕವಿದೆ. ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳಿಗೆಲ್ಲ ಪರಿಚಿತ. ಅದರ ಪ್ರಕಾರ ಹಲಗೆ ಬಾಗಿಲಿಗೆ ಬಣ್ಣ ಬಳಿದಾಗ ಸಪಾಟು ಅಳತೆಯನ್ನು ಪ್ರತಿ ಬದಿಗೂ 1.30ರಿಂದ ಗುಣಿಸಬೇಕು, ಸಪಾಟು ಮೈಯ ಫ್ಲಷ್ ಬಾಗಿಲಾದರೆ 1.20ರಿಂದ. ಅಂದರೆ ನಮ್ಮ 21 ಚದರಡಿ ಅಲ್ಲಿ 27.3 ಆಗುತ್ತದೆ, ಎರಡು ಬದಿ ಸೇರಿ 54.6. ಒಂದು ಬಾಗಿಲಿಗೆ 12.6 ಚದರಡಿ ವ್ಯತ್ಯಾಸ. ಆರು ಬಾಗಿಲಿನ ಮನೆಯಲ್ಲಿ 75 ಚದರಡಿಗೂ ಹೆಚ್ಚು. ನಾವು ಅಳೆಯುವ ಲೆಕ್ಕದಲ್ಲೇ ಹೇಳುವುದಾದರೆ, ಎರಡು ಬಾಗಿಲಿಗೆ ಹತ್ತಿರ ಹತ್ತಿರ ಬಿಟ್ಟಿ ಕೆಲಸ. ಸರ್ಕಾರಿ ಕಚೇರಿಯ ಬಾಗಿಲಿಗೆ ಬಣ್ಣ ಬಳಿದವನಿಗೆ ಸಿಗುವ ಲೆಕ್ಕ, ಅದೇ ಅಳತೆಯ ಬಾಗಿಲನ್ನು ನಮ್ಮ ಮನೆಯಲ್ಲಿ ಬಳಿದವನಿಗೆ ಸಿಗುವುದಿಲ್ಲ.

ಗಮನಿಸಿ, ಆ 1.30 ಬರೀ ಮೈಯ ಅಳತೆ. ಹಳೆಯ ಬಣ್ಣ ಎಷ್ಟು ಪದರ ಇದೆ, ಎಷ್ಟು ಕೆರೆಯಬೇಕು ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹೊಸ ಮನೆಯ ಹೊಸ ಬಾಗಿಲಿಗೂ, ಮೂರು ತಲೆಮಾರಿನ ಬಣ್ಣ ಹೊತ್ತ ಬಾಗಿಲಿಗೂ ಒಂದೇ ಚದರಡಿ ದರ ಹೇಳಿದರೆ ಪೇಂಟರಿಗೆ ಉಳಿಯುವ ದಾರಿ ಒಂದೇ: ಉಜ್ಜುವುದನ್ನು ಕಡಿಮೆ ಮಾಡುವುದು. ಮೈಸೂರಿನಲ್ಲಿ ಇವತ್ತು ಒಳ್ಳೆಯ ಪೇಂಟರಿನ ದಿನಗೂಲಿ ಸಾವಿರ ರೂಪಾಯಿಯ ಆಚೀಚೆ. ಚದರಡಿ ಲೆಕ್ಕಕ್ಕೆ ಒಪ್ಪಿಕೊಂಡ ಮೇಲೆ, ಉಜ್ಜುತ್ತ ಕಳೆದ ಪ್ರತಿ ದಿನವೂ ಅವನ ಜೇಬಿನಿಂದ ಹೋದ ಕೂಲಿ. ಅವನು ಮೋಸ ಮಾಡುತ್ತಿದ್ದಾನೆ ಎಂದು ನಾವು ಹೇಳುತ್ತೇವೆ. ಮೋಸ ಮಾಡದೆ ಬದುಕಲಾಗದ ಲೆಕ್ಕವನ್ನು ಬರೆದುಕೊಟ್ಟವರು ನಾವೇ.

ಚದರಡಿ ಲೆಕ್ಕ ಒಂದು ಕಡೆಯಾದರೆ, ಹಬ್ಬದ ಗಡುವು ಇನ್ನೊಂದು ಕಡೆ. ಮೈಸೂರಿನಲ್ಲಿ ಮನೆಗೆ ಬಣ್ಣ ಎಂದರೆ ಗೌರಿ ಹಬ್ಬಕ್ಕೆ ಮುಂಚೆ, ಇಲ್ಲವೆ ದಸರೆಗೆ ಮುಂಚೆ. ಊರಿಗೆ ನೆಂಟರು ಬರುತ್ತಾರೆ, ಗೊಂಬೆ ಕೂರಿಸಬೇಕು, ಎಲ್ಲ ಸರಿ. ಆದರೆ ನಮ್ಮೂರಿನ ಮಳೆ ಎರಡು ಸಲ ಏರುತ್ತದೆ, ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್ ಅಕ್ಟೋಬರಿನಲ್ಲೊಮ್ಮೆ. ನಡುವಿನ ತಿಂಗಳುಗಳಲ್ಲೂ ಮೋಡ, ತುಂತುರು, ತೇವದ ಗಾಳಿ. ಮರದ ಬಾಗಿಲಿಗೆ ಬಣ್ಣ ಬಳಿಯಲು ವರ್ಷದಲ್ಲಿ ಇದಕ್ಕಿಂತ ಕೆಟ್ಟ ಹೊತ್ತು ಇಲ್ಲ. ಅದನ್ನೇ ನಾವು ಶುಭಕಾಲ ಎಂದು ಆರಿಸಿಕೊಂಡಿದ್ದೇವೆ.

ಎನಾಮೆಲ್ ಒಣಗುವುದು ಎರಡು ಹಂತದಲ್ಲಿ. ಮೊದಲು ಅದರೊಳಗಿನ ಟರ್ಪೆಂಟೈನಿನಂಥ ದ್ರಾವಕ ಹಾರಿಹೋಗುತ್ತದೆ. ಮುಟ್ಟಿದರೆ ಕೈಗೆ ಅಂಟುವುದಿಲ್ಲ, ಒಣಗಿತು ಎಂದುಕೊಳ್ಳುತ್ತೇವೆ. ನಿಜವಾದ ಕೆಲಸ ಆಮೇಲೆ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಅದರೊಳಗಿನ ಎಣ್ಣೆಯ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳಬೇಕು. ಅದಕ್ಕೆ ದಿನಗಳು ಬೇಕು, ತಂಪು ತೇವದ ಹವೆಯಲ್ಲಿ ಇನ್ನೂ ಹೆಚ್ಚು. ಅವಸರಕ್ಕೆ ದಪ್ಪಗೆ ಬಳಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಆಮೇಲೆ ಸುಕ್ಕುಗಟ್ಟುತ್ತದೆ. ಹಬ್ಬದ ಬೆಳಗ್ಗೆ ಬಾಗಿಲು ಚೌಕಟ್ಟಿಗೆ ಅಂಟಿಕೊಂಡು, ಎಳೆದರೆ ಚರ್ರನೆ ಬಣ್ಣ ಕಿತ್ತು ಬರುವುದು ಇದರಿಂದಲೇ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಎನಾಮೆಲ್ ಬಂದ ಮೇಲೆ ವಾಸನೆ ಕಡಿಮೆಯಾಗಿದೆ, ಎರಡು ಕೋಟು ಒಂದೇ ದಿನ ಮುಗಿಸಬಹುದು, ಬಿಳಿ ಬಣ್ಣ ಹಳದಿಗಟ್ಟುವುದೂ ಇಲ್ಲ. ಎಣ್ಣೆಯ ಬಿಳಿ ಬಣ್ಣ ಬೆಳಕು ಬೀಳದ ಕಡೆ ಹಳದಿಗೆ ತಿರುಗುತ್ತದೆ; ಬಾಗಿಲಿಗೆ ನೇತುಹಾಕಿದ ಕ್ಯಾಲೆಂಡರ್ ತೆಗೆದು ನೋಡಿ, ಅದರ ಹಿಂದಿನ ಚೌಕ ಸುತ್ತಲಿಗಿಂತ ಹೆಚ್ಚು ಹಳದಿಯಾಗಿರುತ್ತದೆ. ಒಳಬಾಗಿಲುಗಳಿಗೆ ನಾನು ಅಕ್ರಿಲಿಕ್ ಪರ. ಆದರೆ ಹಳೆಯ ಎಣ್ಣೆ ಬಣ್ಣದ ಮೇಲೆ ಅದು ಹಿಡಿಯಬೇಕಾದರೆ ಉಜ್ಜುವುದು ಇನ್ನೂ ಚೆನ್ನಾಗಿ ಆಗಬೇಕು. ಹೊಸ ಬಣ್ಣ ಬಂದರೆ ಹಳೆಯ ಶ್ರಮ ತಪ್ಪುತ್ತದೆ ಎಂದುಕೊಂಡರೆ ತಪ್ಪು.

ಮಳೆಗಾಲದಲ್ಲಿ ಮರವೂ ಸುಮ್ಮನಿರುವುದಿಲ್ಲ. ತೇವ ಕುಡಿದು ಅಡ್ಡಕ್ಕೆ ಉಬ್ಬುತ್ತದೆ. ಬಾಗಿಲು ಹಾಕಲು ಬರುವುದಿಲ್ಲ ಎಂದು ಆಚಾರಿಯನ್ನು ಕರೆದು ಅಂಚು ಕೀಸಿಸುತ್ತೇವೆ. ಬೇಸಿಗೆಯಲ್ಲಿ ಮರ ಮತ್ತೆ ಕುಗ್ಗಿದಾಗ ಬೆರಳು ತೂರುವಷ್ಟು ಸಂದು. ಹಲಗೆ ಬಾಗಿಲಿನಲ್ಲಿ ನಡುವಿನ ಹಲಗೆಯನ್ನು ಚೌಕಟ್ಟಿನ ಸಂದಿಯೊಳಗೆ ಸಡಿಲವಾಗಿ ಕೂರಿಸಿರುತ್ತಾರೆ, ಹಿಗ್ಗಲಿ ಕುಗ್ಗಲಿ ಎಂದೇ. ಉಬ್ಬಿದಾಗ ಬಣ್ಣ ಬಳಿದ ಹಲಗೆ ಬೇಸಿಗೆಗೆ ಕುಗ್ಗಿದಾಗ ಅದರ ಅಂಚಿನಲ್ಲಿ ಬಣ್ಣ ಕಾಣದ ಒಂದು ಗೆರೆ ಹೊರಗೆ ಬರುತ್ತದೆ, ಹಳೆಯ ಹಸಿರೋ ಬರಿ ಮರವೋ. ಮಾರ್ಚಿನಲ್ಲಿ ಆ ಗೆರೆ ಕಂಡರೆ ಬಾಗಿಲಿಗೆ ಬಣ್ಣ ಯಾವಾಗ ಆಗಿದೆ ಎಂದು ಅಪ್ಪ ಹೇಳಿಬಿಡುತ್ತಾನೆ: "ಇದು ದಸರಾ ಕೆಲ್ಸ."

ಇನ್ನೊಂದು ಮಾತು. ಬಾಗಿಲಿಗೆ ಆರು ಮೈ. ಮುಂದೆ, ಹಿಂದೆ, ಎರಡು ಪಕ್ಕ, ತಲೆ, ಕಾಲು. ನಾವು ಬಳಿಸುವುದು ನಾಲ್ಕಕ್ಕೆ. ತಲೆಯೂ ಕಾಲೂ ಕಣ್ಣಿಗೆ ಬೀಳುವುದಿಲ್ಲವಲ್ಲ. ಆದರೆ ಚೌಕಟ್ಟಿನ ಉದ್ದ ಪಟ್ಟಿಗಳ ಕಡಿದ ತುದಿ ಇರುವುದು ಅಲ್ಲೇ. ಮರ ಜೀವಂತವಿದ್ದಾಗ ನೀರು ಏರುತ್ತಿದ್ದ ನಾಳಗಳೆಲ್ಲ ಅಲ್ಲಿ ಬಾಯಿ ತೆರೆದುಕೊಂಡಿರುತ್ತವೆ. ನೆಲ ಸಾರಿಸಿದ, ಒರೆಸಿದ ನೀರು ಪ್ರತಿದಿನ ಆ ಬಾಯಿಗಳಿಗೆ ಸಿಗುತ್ತದೆ. ಬಚ್ಚಲುಮನೆ ಬಾಗಿಲು ಕೆಳಗಿನಿಂದ ಕೊಳೆಯುತ್ತ ಬರುವುದು ಹೀಗೆ. ಕೆಳಗಿನ ಅಂಚಿಗೆ ಪ್ರೈಮರೂ ಎರಡು ಕೋಟು ಬಣ್ಣವೂ ಬೇಕೆಂದರೆ ಬಾಗಿಲನ್ನು ಹಿಂಜಿನಿಂದ ಬಿಚ್ಚಿ ಮಲಗಿಸಬೇಕು. ಇಬ್ಬರು ಆಳು ಬೇಕು, ಸ್ಕ್ರೂ ತಿರುಗಿಸಿ ಮತ್ತೆ ಸರಿಯಾಗಿ ಕೂರಿಸಬೇಕು. ಚದರಡಿಗೆ ಒಪ್ಪಿಕೊಂಡವನು ಅದನ್ನು ಯಾಕೆ ಮಾಡುತ್ತಾನೆ? ಹಿಂಜಿನ ಮೇಲೆಯೇ ಬ್ರಷ್ಷು ಎಳೆದು ಮುಂದಕ್ಕೆ ಹೋಗುತ್ತಾನೆ. ಮುಂದಿನ ಸಲ ಬಿಚ್ಚಬೇಕೆಂದರೆ ಸ್ಕ್ರೂವಿನ ತಲೆ ಬಣ್ಣದಲ್ಲಿ ಮುಚ್ಚಿಹೋಗಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಬಾಗಿಲಿನ ನಷ್ಟ. ಮನುಷ್ಯರ ನಷ್ಟ ಇದಕ್ಕಿಂತ ದೊಡ್ಡದು, ಅದರ ಹೆಸರು ಸೀಸ.

ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ಕಡ್ಡಾಯ ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2016ರಲ್ಲಿ. ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೆ ಮೊದಲು ಕಡ್ಡಾಯ ಮಿತಿ ಇರಲಿಲ್ಲ. ಹಳದಿ, ಹಸಿರು, ಕೇಸರಿ, ಕೆಂಪು ಎನಾಮೆಲ್‌ಗಳಿಗೆ ಸೀಸದ ಕ್ರೋಮೇಟ್, ಪ್ರೈಮರಿಗೆ ಕೆಂಪು ಸೀಸ, ಬೇಗ ಒಣಗಲು ಸೀಸದ ಲವಣ, ಎಲ್ಲವೂ ನಡೆಯುತ್ತಿತ್ತು. ನಮ್ಮ ಹಳೆಯ ಮನೆಗಳ ಬಾಗಿಲು ಕಿಟಕಿಗಳ ಆ ಚಿರಪರಿಚಿತ ಹಸಿರು ಬಣ್ಣವನ್ನು ಒಮ್ಮೆ ನೆನೆಯಿರಿ. ಹಾಗಾಗಿ 2017ಕ್ಕಿಂತ ಹಿಂದೆ ಬಳಿದ ಯಾವ ಬಾಗಿಲನ್ನಾದರೂ ಸೀಸ ಇದೆ ಎಂದುಕೊಂಡೇ ಮುಟ್ಟುವುದು ಕ್ಷೇಮ.

ಬಣ್ಣ ಬಾಗಿಲ ಮೇಲೆ ಗಟ್ಟಿಯಾಗಿ ಕೂತಿರುವವರೆಗೆ ಅಷ್ಟು ಅಪಾಯವಿಲ್ಲ. ಅದನ್ನು ಒಣಗಿದಂತೆಯೇ ಉಜ್ಜಿದಾಗ, ಈಗಿನ ಹಾಗೆ ಕರೆಂಟಿನ ಮಷಿನ್ನಿಟ್ಟು ಉಜ್ಜಿದಾಗ, ಸೀಸ ಧೂಳಾಗಿ ಮನೆ ತುಂಬುತ್ತದೆ. ಬೆಂಕಿ ಹಿಡಿದು ಬಣ್ಣ ಸುಟ್ಟು ತೆಗೆಯುವ ಪದ್ಧತಿ ಇನ್ನೂ ಕೆಟ್ಟದ್ದು, ಸೀಸ ಹೊಗೆಯಾಗಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ದೊಡ್ಡವರ ದೇಹ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಚಿಕ್ಕ ಮಕ್ಕಳ ದೇಹ ಹೀರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದೂ ಅದು ಹೇಳುತ್ತದೆ. ಕರ್ನಾಟಕಕ್ಕೆ ಇದು ಹೊಸ ವಿಷಯವೇನಲ್ಲ. 1999ರಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿದಾಗ, ಪರೀಕ್ಷೆಗೆ ಒಳಗಾದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಸೀಸ ಅಂದಿನ ಗಡಿಯಾದ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ದಾಟಿತ್ತು. ಆ ಕೆಲಸದಲ್ಲಿ ಮುಂದಿದ್ದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಬಣ್ಣದ ಸೀಸದ ಬಗ್ಗೆ ವರ್ಷಗಟ್ಟಲೆ ಎಚ್ಚರಿಸುತ್ತ ಬಂದರು. ಸೀಸದ ಪೆಟ್ರೋಲು 2000ದಲ್ಲಿ ನಿಂತಿತು. ಬಣ್ಣಕ್ಕೆ ನಿಯಮ ಬರಲು ಇನ್ನೂ ಹದಿನಾರು ವರ್ಷ ಹಿಡಿಯಿತು.

ಮಕ್ಕಳ ಮಾತಾದರೂ ಆಗಾಗ ಕೇಳಿಬರುತ್ತದೆ. ಉಜ್ಜುವವನ ಮಾತು ಬರುವುದೇ ಇಲ್ಲ. ಬಣ್ಣದವರಿಗೆ ಸೀಸ ಹತ್ತುತ್ತದೆ ಎಂದು ಇಟಲಿಯ ವೈದ್ಯ ರಾಮಾಜಿನಿ 1700ರಲ್ಲೇ ಬರೆದ. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗಳ ಒಳಗಿನ ಬಣ್ಣಕ್ಕೆ ಬಿಳಿ ಸೀಸ ಬಳಸಬಾರದೆಂದು ಒಪ್ಪಂದವನ್ನೇ ಮಾಡಿತು. ಹಾಗಿದ್ದೂ ನಮ್ಮ ಅಪ್ಪ ಮೂಗಿಗೆ ಒಂದು ವಸ್ತ್ರ ಕಟ್ಟಿಕೊಂಡು ಹಸಿರು ಧೂಳಿನ ನಡುವೆ ದಿನಗಟ್ಟಲೆ ಉಜ್ಜಿದ. ಸಂಜೆ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಕೊಬ್ಬರಿ ಎಣ್ಣೆ ಸವರಿಕೊಂಡು, ಅದೇ ಅಂಗಿಯಲ್ಲಿ ಬಂದು ನಮ್ಮನ್ನು ಎತ್ತಿಕೊಳ್ಳುತ್ತಿದ್ದ. ಅವನ ರಕ್ತದಲ್ಲಿ ಸೀಸ ಎಷ್ಟಿತ್ತು, ನಮ್ಮ ರಕ್ತದಲ್ಲಿ ಎಷ್ಟಿತ್ತು, ಯಾರೂ ಅಳೆಯಲಿಲ್ಲ. ಚದರಡಿಯನ್ನು ಮಾತ್ರ ಅಳೆದರು.

ಪರಿಹಾರ ದುಬಾರಿಯೇನಲ್ಲ. ನೀರು ತಾಗಿದರೂ ಕೆಡದ ಕಪ್ಪು ಎಮರಿ ಪೇಪರ್ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಹಳೆಯ ಎನಾಮೆಲನ್ನು ನೀರು ಹಚ್ಚಿಕೊಂಡೇ ಉಜ್ಜಿದರೆ ಧೂಳು ಏಳುವುದಿಲ್ಲ, ರಾಡಿಯಾಗಿ ಇಳಿಯುತ್ತದೆ. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಆ ರಾಡಿಯನ್ನು ಒರೆಸಿ ಕಟ್ಟಿ ತೆಗೆಯಬೇಕು. ತೋಟಕ್ಕೆ, ಚರಂಡಿಗೆ ಚೆಲ್ಲಬಾರದು. ಒಣ ಪೊರಕೆ ಬೇಡ, ಒದ್ದೆ ಬಟ್ಟೆಯೇ ಆಗಬೇಕು. ಬಟ್ಟೆ ಕಟ್ಟಿದ ಮೂಗು ಸಾಲದು, ಕನಿಷ್ಠ ಎನ್95 ದರ್ಜೆಯ ಮಾಸ್ಕ್ ಬೇಕು. ಮಕ್ಕಳು, ಬಸುರಿಯರು ಆ ದಿನಗಳಲ್ಲಿ ಆ ಕೋಣೆಯ ಕಡೆ ಹೋಗಬಾರದು. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಮರದವರೆಗೆ ಕೆರೆಯಲೇಬೇಕೆಂದಿಲ್ಲ. ಹೊಳಪು ಹೋಗುವಷ್ಟು ಒದ್ದೆಯಲ್ಲಿ ಉಜ್ಜಿ, ಒಣಗಿಸಿ, ಅದರ ಮೇಲೆ ಪ್ರೈಮರ್ ಹಚ್ಚಿದರೆ ಸಾಕು. ಆದರೆ ಒದ್ದೆಯಲ್ಲಿ ಉಜ್ಜುವುದು ನಿಧಾನದ ಕೆಲಸ. ಮತ್ತೆ ದಿನ. ಮತ್ತೆ ಕೂಲಿ.

ಇದನ್ನು ಹೇಳಿದಾಗಲೆಲ್ಲ ನನಗೆ ಬರುವ ಮೊದಲ ಉತ್ತರ: ದಿನಗೂಲಿ ಕೊಟ್ಟರೆ ಅವರು ಕೆಲಸ ಎಳೆಯುತ್ತಾರೆ ಮೇಡಂ. ಎಳೆಯುವವರು ಇದ್ದಾರೆ, ಇಲ್ಲವೆನ್ನಲಾರೆ. ಅದಕ್ಕೆ ದಾರಿ ಇದೆ. ಉಜ್ಜುವುದು ಮುಗಿದ ಮೇಲೆ, ಪ್ರೈಮರ್ ಹಚ್ಚುವ ಮೊದಲು, ಮನೆಯವರು ಬಂದು ನೋಡಬೇಕು. ಅಂಗೈಯಿಂದ ಸವರಿದರೆ ಗಂಟು, ಅಂಚು ತಿಳಿಯುತ್ತದೆ. ಪಕ್ಕದಿಂದ ಟಾರ್ಚು ಹಿಡಿದರೆ ಹೊಳೆಯುವ ಜಾಗ ಇನ್ನೂ ಉಜ್ಜದ ಜಾಗ ಎಂದು ಕಾಣುತ್ತದೆ. ಅಲ್ಲಿ ಒಪ್ಪಿ ಒಂದು ಕಂತು ಕೊಟ್ಟು ಮುಂದಕ್ಕೆ ಹೋಗಲಿ. ಕೊನೆಯ ಕೋಟಿನ ಮೇಲೆ ತಪ್ಪು ಹುಡುಕುವ ಕಣ್ಣನ್ನು ಸ್ವಲ್ಪ ಮುಂಚೆ ತೆರೆದರೆ ಸಾಕು.

ಎರಡನೆಯ ಉತ್ತರ: ಈ ರಗಳೆಯೇ ಬೇಡ, ಹಳೆಯ ಬಾಗಿಲು ಕಿತ್ತು ರೆಡಿಮೇಡ್ ಹಾಕಿಸುತ್ತೇವೆ. ಹಾಕಿಸಿ, ನಿಮ್ಮ ದುಡ್ಡು. ಆದರೆ ಕಿತ್ತ ಬಾಗಿಲು ಯಾವ ಮರ ಎಂದು ಒಮ್ಮೆ ನೋಡಿ. ಗುಜರಿಯವನು ಬಾಗಿಲು ಹೊತ್ತೊಯ್ಯಲು ಅಷ್ಟು ಉತ್ಸಾಹದಿಂದ ಯಾಕೆ ಬರುತ್ತಾನೆ ಎಂದು ಯೋಚಿಸಿ. ಬಣ್ಣದ ಅಡಿಯಲ್ಲಿ ತೇಗವೋ ಹೊನ್ನೆಯೋ ಇದ್ದರೆ, ಅದರ ಬದಲು ಬರುವುದು ಒತ್ತಿದ ಮರದ ಪುಡಿಯ ಮೇಲೆ ಹಾಳೆ ಅಂಟಿಸಿದ ಬಾಗಿಲು. ಅದರ ಕಾಲಿಗೆ ನೀರು ತಾಗಿ ಉಬ್ಬಿದರೆ ಉಜ್ಜಿ ಸರಿಮಾಡಲು ಬರುವುದಿಲ್ಲ, ಎಸೆಯಬೇಕಷ್ಟೆ.

ಮೂರನೆಯ ಉತ್ತರ ಕೊಡುವವರು ಹೊಸ ತಲೆಮಾರಿನವರು: ನಾವೇ ಬಳಿದುಕೊಳ್ಳುತ್ತೇವೆ. ಇದು ನನಗೆ ಇಷ್ಟವಾದ ಉತ್ತರ. ಒಂದು ಬಾಗಿಲನ್ನು ತಾನೇ ತೊಳೆದು, ಒದ್ದೆಯಲ್ಲಿ ಉಜ್ಜಿ, ಮೊದಲು ಹಲಗೆ, ಆಮೇಲೆ ಅಡ್ಡಪಟ್ಟಿ, ಕೊನೆಗೆ ಉದ್ದಪಟ್ಟಿ ಎಂದು ಮರದ ಎಳೆಯ ದಿಕ್ಕಿಗೆ ಬ್ರಷ್ಷು ಎಳೆದವರು ಮುಂದೆಂದೂ ಪೇಂಟರಿನ ಹತ್ತಿರ ಚೌಕಾಸಿ ಮಾಡುವುದಿಲ್ಲ. ಭುಜದ ನೋವೇ ಅವರಿಗೆ ದರ ಹೇಳಿಕೊಟ್ಟಿರುತ್ತದೆ.

ಹಾಗಾದರೆ ಮಾಡಬೇಕಾದದ್ದು ಏನು? ಎಸ್ಟಿಮೇಟನ್ನು ಒಂದೇ ಸಾಲಿನಲ್ಲಿ ಬರೆಸಿಕೊಳ್ಳಬೇಡಿ. ನಾಲ್ಕು ಸಾಲು ಮಾಡಿ. ತೊಳೆಯುವುದು ಮತ್ತು ಉಜ್ಜುವುದು, ದಿನಗೂಲಿ ಲೆಕ್ಕದಲ್ಲಿ. ಬಾಗಿಲು ಬಿಚ್ಚಿ ತಲೆ ಕಾಲಿಗೆ ಬಣ್ಣ ಬಳಿದು ಮತ್ತೆ ಕೂರಿಸುವುದು, ಬಾಗಿಲಿಗೆ ಇಷ್ಟು ಎಂದು. ಪ್ರೈಮರ್, ಪುಟ್ಟಿ, ಬಣ್ಣದ ಕೋಟುಗಳು, ಚದರಡಿ ಲೆಕ್ಕದಲ್ಲಿ, ಅದೂ ಹಲಗೆ ಬಾಗಿಲಿಗೆ 1.30, ಫ್ಲಷ್ ಬಾಗಿಲಿಗೆ 1.20 ಗುಣಿಸಿ. ಸಾಮಾನಿನ ಖರ್ಚು ಬೇರೆ, ಅದರಲ್ಲಿ ಮಾಸ್ಕೂ ಸೇರಿ. ಒಟ್ಟು ಮೊತ್ತ ಹೆಚ್ಚಾಗುತ್ತದೆ, ನಿಜ. ಆದರೆ ಉಜ್ಜದೆ ಬಳಿದ ಬಾಗಿಲಿಗೆ ಎರಡನೇ ವರ್ಷಕ್ಕೇ ಮತ್ತೆ ಬಳಿಸುವ ದುಡ್ಡನ್ನು ಯಾರ ಖಾತೆಗೆ ಬರೆಯುತ್ತೀರಿ?

ಗೋಡೆಯನ್ನು ಹಬ್ಬಕ್ಕೆ ಮಾಡಿಸಿ, ಬಾಗಿಲನ್ನು ಸಂಕ್ರಾಂತಿ ಕಳೆದ ಮೇಲೆ ಮಾಡಿಸಿ. ಜನವರಿ ಕೊನೆಯಿಂದ ಯುಗಾದಿಯವರೆಗೆ ಹವೆ ಒಣ, ಮರ ತೆಳ್ಳಗಿರುತ್ತದೆ, ಹಬ್ಬದ ಮುಂಚಿನ ನೂಕುನುಗ್ಗಲೂ ಇರುವುದಿಲ್ಲ. ಪೇಂಟರಿಗೂ ಅದು ಕೆಲಸ ಕಡಿಮೆ ಇರುವ ಕಾಲ. ಅವನಿಗೆ ಬಿಡುವು, ನಿಮಗೆ ಒಳ್ಳೆಯ ಕೈ.

ಮತ್ತೊಂದು ಕೆಲಸಕ್ಕೆ ದುಡ್ಡೇ ಬೇಡ. ಪೇಂಟರುಗಳು ರಾಜ್ಯದ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಾರೆ ಎಂಬ ದೃಢೀಕರಣ ಬೇಕು. ಗಾರೆ ಕೆಲಸದವರಿಗೆ ಒಬ್ಬ ಕಂಟ್ರಾಕ್ಟರ್ ಇರುತ್ತಾನೆ, ಸಹಿ ಸಿಗುತ್ತದೆ. ಮನೆಯಿಂದ ಮನೆಗೆ ಹೋಗಿ ಬಾಗಿಲು ಬಳಿಯುವವನಿಗೆ ಸಹಿ ಹಾಕುವವರು ಯಾರು? ನಿಮ್ಮ ಮನೆಯಲ್ಲಿ ಇಷ್ಟು ದಿನ ಕೆಲಸ ಮಾಡಿದ ಎಂದು ತಾರೀಕು ಹಾಕಿ ಒಂದು ಚೀಟಿ ಬರೆದುಕೊಡಿ, ಅವನ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಕಾರ್ಮಿಕ ಇಲಾಖೆಗೂ ನನ್ನ ಕೇಳಿಕೆ ಇದೆ: ಹಳೆಯ ಬಣ್ಣ ಕೆರೆಯುವವರ ರಕ್ತದಲ್ಲಿ ಸೀಸದ ಪರೀಕ್ಷೆಯನ್ನು ನೋಂದಾಯಿತ ಪೇಂಟರುಗಳಿಗೆ ವರ್ಷಕ್ಕೊಮ್ಮೆ ಉಚಿತವಾಗಿ ಮಾಡಿಸಿ. ಅಳೆಯದೆ ಇದ್ದರೆ ರೋಗ ಇಲ್ಲವೆಂದೇ ಲೆಕ್ಕ.

ಈ ಸಲ ಪೇಂಟರ್ ನಿಮ್ಮ ಮನೆಗೆ ಬಂದು ಬಾಗಿಲು ನೋಡುವಾಗ, ಚದರಡಿಗೆ ಎಷ್ಟು ಎಂದು ಕೇಳುವ ಮೊದಲು, "ಇದನ್ನು ಒದ್ದೆಯಲ್ಲಿ ಉಜ್ಜೋಕೆ ಎಷ್ಟು ದಿನ ಬೇಕು, ಅದಕ್ಕೆ ಕೂಲಿ ಎಷ್ಟು?" ಎಂದು ಕೇಳಿ. ಕೆಲಸ ಬಲ್ಲವನಾದರೆ ಉತ್ತರ ಕೊಡುವ ಮೊದಲು ಬಾಗಿಲನ್ನು ಮುಟ್ಟಿ ನೋಡುತ್ತಾನೆ. ಮುಟ್ಟಿ ನೋಡದೆ ದರ ಹೇಳಿದವನಿಗೆ ಕೆಲಸ ಕೊಡಬೇಡಿ. ಮುಟ್ಟಿ ನೋಡಿ ಹೇಳಿದವನ ಹತ್ತಿರ ಚೌಕಾಸಿ ಮಾಡಬೇಡಿ.